ಹೆಳವನ ವಹಿಯಲ್ಲಿ ಇಲ್ಲದ ಹೆಸರು



ಬಿಳಿಜೋಳದ ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ನಮ್ಮ ಲೋಕಾಪುರದ ಓಣಿಗಳಲ್ಲಿ ಒಂದು ಬೆಳಗಿನ ಜಾವ ಗಂಟೆಯ ಸದ್ದು ಕೇಳಿಸುತ್ತದೆ. ಅಂಗಳ ಸಾರಿಸುತ್ತಿದ್ದವರು ಕೈ ನಿಲ್ಲಿಸಿ "ಹೆಳವ ಬಂದಾನ ನೋಡ್ರಿ" ಎಂದು ಒಳಗೆ ಕೂಗಿ ಹೇಳುತ್ತಾರೆ. ಸಿಂಗರಿಸಿದ ಎತ್ತಿನ ಮೇಲೆ, ಕಾಲು ಕಾಣದ ಹಾಗೆ ಶಾಲು ಹೊದ್ದು ಕೂತ ಹೆಳವಪ್ಪ ಬಾಗಿಲ ಮುಂದೆ ನಿಂತು ಮನೆತನದ ಮೂಲಪುರುಷನಿಂದ ಸುರು ಮಾಡುತ್ತಾನೆ. ಯಾವ ಊರು ಬಿಟ್ಟು ಬಂದಿರಿ, ಯಾವ ಬರದಲ್ಲಿ ಬಂದಿರಿ, ಮೂಲಪುರುಷನಿಗೆ ಎಷ್ಟು ಮಂದಿ ಮಕ್ಕಳು, ಅವರಲ್ಲಿ ಯಾರ ಕವಲು ನೀವು, ಎಲ್ಲವೂ ಒಂದೇ ಉಸಿರಿಗೆ ಬರುತ್ತದೆ. ಮನೆಯ ಗಂಡಸರು ಹಲ್ಲುಜ್ಜುವುದನ್ನೂ ಬಿಟ್ಟು ಕಟ್ಟೆಯ ಮೇಲೆ ಕೂತು ಕೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ಹೀಗೆಯೇ ನಮ್ಮ ಮನೆಗೆ ಹೆಳವ ಬಂದಿದ್ದ. ಏಳು ತಲೆಮಾರು ಹೇಳಿ ಮುಗಿಸಿ, ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಬರೆದುಕೊಳ್ಳಲೆಂದು ವಹಿ ಬಿಚ್ಚಿದ. ಆಗ ನಮ್ಮ ಅತ್ತೆಯವರು ಮೊರದ ತುಂಬ ಜೋಳ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು. ಏನನ್ನಿಸಿತೋ ಏನೋ, "ಯಪ್ಪಾ, ಇಷ್ಟೆಲ್ಲಾ ಓದಿದಿ. ಅದರಾಗ ನನ್ನ ಹೆಸರು ಎಲ್ಲೈತಿ?" ಎಂದು ಕೇಳಿಬಿಟ್ಟರು.

ಹೆಳವ ಹಾಳೆ ತಿರುವಿದ. ಮಾವನವರ ಹೆಸರಿತ್ತು. ಅವರ ನಾಲ್ವರು ಗಂಡುಮಕ್ಕಳ ಹೆಸರಿತ್ತು. ಅವ ತುಸು ನಾಚಿ, "ಹೆಣ್ಣಮಕ್ಕಳ ಹೆಸರು ಬರಿಯೂ ಪದ್ಧತಿ ನಮ್ಮ ಹಿರಿಯಾರು ಇಟ್ಟಿಲ್ಲರಿ ಅವ್ವಾರ" ಎಂದ. ಅತ್ತೆಯವರು ಸಿಟ್ಟು ಮಾಡಲಿಲ್ಲ. ಜೋಳ ಅವನ ಚೀಲಕ್ಕೆ ಸುರಿದು, ಮೊರ ಕೊಡವಿ ಒಳಗೆ ಬಂದರು. ಆದರೆ ಆ ದಿನ ರೊಟ್ಟಿ ಬಡಿಯುವಾಗ ಅವರು ಎಂದಿನಂತೆ ಮಾತಾಡಲಿಲ್ಲ.

ಈ ಸಂಚಿಕೆಯಲ್ಲಿ ಅಡುಗೆ, ಹೊಲಿಗೆ ಎರಡನ್ನೂ ಪಕ್ಕಕ್ಕಿಟ್ಟು ಆ ಹೆಸರಿನ ವಿಷಯವನ್ನೇ ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಹೆಳವರೆಂದರೆ ಯಾರು?

ದಕ್ಷಿಣದ ಕಡೆಯ ಸೋದರಿಯರಿಗೆ ಹೆಳವರ ಪರಿಚಯ ಇರಲಿಕ್ಕಿಲ್ಲ. ಹೆಳವ ಎಂದರೆ ಕಾಲಿಲ್ಲದವ. ಕಾಲಿಲ್ಲದವರಂತೆ ಎತ್ತಿನ ಮೇಲೆ ಕೂತು ಬರುವುದರಿಂದ ಈ ಹೆಸರು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡದ ಸೀಮೆಗಳಲ್ಲಿ ಒಕ್ಕಲು ಮನೆತನಗಳ ವಂಶಾವಳಿಯನ್ನು ಕಾಪಾಡುವುದೇ ಇವರ ಕಸುಬು. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನೆಗಳು ಎಂದು ಹಂಚಿಕೆ ಇರುತ್ತದೆ. ತಂದೆಯಿಂದ ಮಗನಿಗೆ ವಹಿಯ ಜೊತೆ ಮನೆಗಳೂ ಬರುತ್ತವೆ. ಹಿಂದೆ ತಾಳೆಗರಿ, ತಾಮ್ರಪಟಗಳಲ್ಲಿ ಇದ್ದದ್ದು ಆಮೇಲೆ ಕಾಗದದ ವಹಿಗೆ ಬಂತು. ಕಾಳು, ಬಟ್ಟೆ, ಪಾತ್ರೆ, ರೊಕ್ಕ, ಅನುಕೂಲವಂತರಾದರೆ ಒಂದು ಆಕಳೋ ಕುರಿಯೋ ಅವರ ಸಂಭಾವನೆ.

ಓದು ಬರಹವಿಲ್ಲದ ಎಷ್ಟೋ ಮನೆಗಳಿಗೆ ಇನ್ನೂರು ಮುನ್ನೂರು ವರ್ಷಗಳ ನೆನಪನ್ನು ಉಳಿಸಿಕೊಟ್ಟವರು ಈ ಹೆಳವರು. ಅವರ ಉಪಕಾರ ಸಣ್ಣದಲ್ಲ, ಅದನ್ನು ಹಳಿಯುವುದು ನನ್ನ ಉದ್ದೇಶವೂ ಅಲ್ಲ. ಆದರೆ ಅವರು ಬರೆಯುವ ವಂಶ ಬಹುಮಟ್ಟಿಗೆ ಗಂಡಿನ ಕವಲು. ಹುಟ್ಟಿದ ಮನೆಯ ವಹಿಯಲ್ಲಿ ನಾವು ಕೊಟ್ಟು ಕಳಿಸಿದವರು, ಸೇರಿದ ಮನೆಯ ವಹಿಯಲ್ಲಿ ತಂದುಕೊಂಡವರು. ಎರಡರಲ್ಲೂ ಹೆಸರಿಗೆ ಜಾಗ ಸಿಗುವುದು ಅಪರೂಪ.

ಬಿಳಿಯರ ನಾಡಿನಲ್ಲೂ ಇದೇ ಕತೆ

ಇದು ನಮ್ಮಲ್ಲಷ್ಟೇ ಇರುವ ಕೊರತೆ ಎಂದು ತಿಳಿಯಬೇಡಿ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹೆಳವನ ಕೆಲಸವನ್ನು ಮಾಡಿದ್ದು ಊರ ಚರ್ಚಿನ ಪಾದ್ರಿ. ಎಂಟನೆಯ ಹೆನ್ರಿ ಅರಸನ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಒಂದು ಅಪ್ಪಣೆ ಹೊರಡಿಸಿದ: ಪ್ರತಿ ಊರ ಚರ್ಚಿನಲ್ಲೂ ಒಂದು ವಹಿ ಇಡಬೇಕು, ಊರಲ್ಲಿ ನಡೆದ ನಾಮಕರಣ, ಮದುವೆ, ಮಣ್ಣು, ಮೂರನ್ನೂ ಅದರಲ್ಲಿ ಬರೆಯಬೇಕು. ಆ ವಹಿಗಳನ್ನು ಹಿಡಿದೇ ಅಲ್ಲಿಯ ಜನ ಇಂದಿಗೂ ತಮ್ಮ ಹಿರಿಯರನ್ನು ಹುಡುಕುತ್ತಾರೆ. ಪುಟ್ಟ ಹಳ್ಳಿಯೊಂದರ ಇತಿಹಾಸ ಬರೆಯುವವರೂ ಮೊದಲು ಬಿಚ್ಚುವುದು ಅದನ್ನೇ.

ಆದರೆ ಹಳೆಯ ವಹಿಗಳಲ್ಲಿ ಎಷ್ಟೋ ಸಲ ಮಗು ಇಂಥವನ ಮಗ ಎಂದಿರುತ್ತದೆಯೇ ಹೊರತು ಹೆತ್ತವಳ ಹೆಸರಿರುವುದಿಲ್ಲ. 1812ರಲ್ಲಿ ಒಂದು ಕಾಯಿದೆಯಾಗಿ, ಮುಂದಿನ ವರ್ಷದಿಂದ ಅಚ್ಚು ಹಾಕಿದ ನಮೂನೆಯಲ್ಲಿ ತಾಯಿಯ ಹೆಸರಿಗೂ ಜಾಗ ಬಂತು. ಅವಳ ತವರಿನ ಮನೆತನದ ಹೆಸರು ಬರಬೇಕಾದರೆ 1837ರಲ್ಲಿ ಸರಕಾರವೇ ಜನನ ಮರಣ ನೋಂದಣಿ ಸುರು ಮಾಡಬೇಕಾಯಿತು. ಅಂದರೆ ವಹಿ ಇಡಲು ಕಲಿತು ಮುನ್ನೂರು ವರ್ಷ ಕಳೆದ ಮೇಲೆ, ಮಗುವಿನ ತಾಯಿ ಯಾವ ಮನೆಯಿಂದ ಬಂದವಳು ಎಂದು ಬರೆಯುವುದು ಆ ನಾಡಿಗೆ ರೂಢಿಯಾಯಿತು!

ಅಬ್ಬಲಬ್ಬೆಯ ಮಗ

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮದೇ ಮುಧೋಳ ತಾಲ್ಲೂಕಿನ ಬೆಳಗಲಿ, ಈಗ ರನ್ನ ಬೆಳಗಲಿ ಎನ್ನುತ್ತಾರೆ, ಕವಿ ರನ್ನ ಹುಟ್ಟಿದ ಊರು. ಅವನು ಹುಟ್ಟಿದ್ದು 949ರಲ್ಲಿ, ಸೌಮ್ಯ ಸಂವತ್ಸರದಲ್ಲಿ. ಬಳೆ ಮಾರುವ ಮನೆತನ. ಹೆಂಗಸರ ಕೈ ಹಿಡಿದು ಬಳೆ ಇಡುವವರ ಮನೆಯ ಹುಡುಗ ಮುಂದೆ ಚಾಲುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನ್ನಿಸಿಕೊಂಡ.

ಈ ರನ್ನ 993ರ ತನ್ನ 'ಅಜಿತಪುರಾಣ'ದಲ್ಲಿ ಮನೆಯವರ ವಿವರ ಕೊಟ್ಟಿದ್ದಾನೆ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಹೆಂಡಂದಿರು ಜಕ್ಕಿ ಮತ್ತು ಶಾಂತಿ. ಮಗ ರಾಯ, ಮಗಳು ಅತ್ತಿಮಬ್ಬೆ. ತನ್ನನ್ನು ಪೊರೆದ ಚಾವುಂಡರಾಯನ ನೆನಪಿಗೆ ಮಗನಿಗೂ, ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳಿಗೂ ಹೆಸರಿಟ್ಟ.

ಸಾವಿರ ವರ್ಷದ ಹಿಂದಿನ ಒಂದು ಬಳೆಗಾರರ ಮನೆಯ ತಾಯಿ, ಹೆಂಡಿರು, ಮಗಳ ಹೆಸರು ನಮಗೆ ಗೊತ್ತು. ನಮ್ಮ ಮುತ್ತಜ್ಜಿಯ ಹೆಸರು ನಮಗೆ ಗೊತ್ತಿಲ್ಲ. ಒಬ್ಬ ಮಗ ಬರೆದಿಟ್ಟದ್ದಕ್ಕೆ ಅಬ್ಬಲಬ್ಬೆ ಉಳಿದಳು. ಉಳಿದವರಿಗೆ ಬರೆಯುವ ಮಗ ಇರಲಿಲ್ಲ, ಅಷ್ಟೆ. ಈಗ ಬರೆಯಬಲ್ಲ ಮಗಳು, ಸೊಸೆ ಇದ್ದಾರಲ್ಲ?

ಊರಿನ ಇತಿಹಾಸದಲ್ಲಿ ನಾವೆಲ್ಲಿ?

ನಮ್ಮ ಊರಿನ ಸುತ್ತ ಇತಿಹಾಸಕ್ಕೇನೂ ಬರವಿಲ್ಲ. ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನವಿತ್ತು, ಅದು 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಾಳಿಂಬೆಗೆ ಹೆಸರಾದ ನೆರೆಯ ಕಲಾದಗಿ 1885ರವರೆಗೆ ಜಿಲ್ಲೆಯ ಮುಖ್ಯ ಠಾಣ್ಯವಾಗಿತ್ತು, ಆಮೇಲೆ ಆ ಪಟ್ಟ ವಿಜಾಪುರಕ್ಕೆ ಹೋಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು.

ನಮ್ಮ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಹತಾರು ಒಪ್ಪಿಸಲಾರೆವೆಂದು ಇಂಗ್ಲಿಷರ ಮೇಲೆ ತಿರುಗಿಬಿದ್ದರು. ದಂಡು ಬಂದು ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಆ ಕಥೆಯ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಹೀಗೆ ಉಳಿದವು. ಲೂಟಿಯಲ್ಲಿ ಹೋದ ಮನೆಯ ಸಾಮಾನುಗಳ ಪಟ್ಟಿ ಕೂಡ ಆ ಲಾವಣಿಯಲ್ಲಿದೆ. ಅದನ್ನು ಕೇಳುವಾಗೆಲ್ಲ ನನಗೆ ಅನಿಸುವುದಿಷ್ಟು: ಆ ಸಾಮಾನು ತಿಕ್ಕಿ ತೊಳೆದು ಇಟ್ಟವರ ಹೆಸರೇನಿತ್ತೋ.

ಇನ್ನೊಂದು ಸೋಜಿಗ ಕೇಳಿ. ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ಕಡೆಯ ಕಲ್ಲುಗಳ ಒಂದು ವರ್ಗಕ್ಕೆ 'ಲೋಕಾಪುರ'ದ ಹೆಸರನ್ನೇ ಇಟ್ಟಿದ್ದಾರೆ. ನೂರು ಕೋಟಿ ವರ್ಷಕ್ಕೂ ಹಿಂದಿನ ಸುಣ್ಣಗಲ್ಲು ಅದರಲ್ಲಿದೆ. ನಾವು ಬಟ್ಟೆ ಒಗೆಯುವ ಬಂಡೆಯ ಕುಲಗೋತ್ರ ಪಂಡಿತರಿಗೆ ಗೊತ್ತಿದೆ, ಒಗೆದವಳದು ಗೊತ್ತಿಲ್ಲ!

ಹೆಸರು ಕಳೆಯುವುದು ಹೇಗೆ?

ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ಹುಡುಗಿಯ ಹೆಸರು ಬದಲಾಗುತ್ತದೆ. ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಹೊಸ ಹೆಸರು ಬರೆಸುತ್ತಾರೆ. ಹದಿನಾರು ವರ್ಷ ಅವ್ವ ಅಪ್ಪ ಕೂಗಿದ ಹೆಸರು ಅಲ್ಲಿಗೆ ಮುಗಿಯಿತು. ಅಡ್ಡಹೆಸರೂ ಬದಲಾಗುತ್ತದೆ. ಒಂದೆರಡು ವರ್ಷಕ್ಕೆ ಮಗು ಹುಟ್ಟಿತೆಂದರೆ ಅವಳು ಇಂಥವನ ಅವ್ವ. ಮೊಮ್ಮಕ್ಕಳಿಗೆ ಅವಳು ಬರೀ ಅಮ್ಮ ಅಥವಾ ಆಯಿ. ಮೊಮ್ಮಗನನ್ನು ಕರೆದು "ನಿಮ್ಮ ಆಯಿಯ ಹೆಸರೇನೋ?" ಎಂದು ಕೇಳಿ ನೋಡಿ, "ಆಯಿ" ಎನ್ನುತ್ತಾನೆ.

ಗಂಡನ ಹೆಸರಿನ ಪಾಡು ಇನ್ನೊಂದು ತೆರ. ಹಿರಿಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನು ವಂಶಾವಳಿ ಬರೆಯಲು ಕೂತಾಗ ಓಣಿಯ ಹಿರಿಯಳೊಬ್ಬಳನ್ನು ಕೇಳಿ ಸೋತೆ. ಕೊನೆಗೆ "ಅಮ್ಮಾ, ಒಂದು ಒಡಪು ಹಾಕಿ ಹೇಳ್ರಿ" ಅಂದೆ. ಎಂಬತ್ತರ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, ಮದುಮಗಳ ಹಾಗೆ ಒಡಪು ಕಟ್ಟಿ ಅದರ ತುದಿಗೆ ಗಂಡನ ಹೆಸರು ಸೇರಿಸಿ ಹೇಳಿದಳು. ತನ್ನ ಹೆಸರಿಗೆ ಮಾತ್ರ ಒಡಪು ಇರಲಿಲ್ಲ!

ಅಡ್ಡಹೆಸರಿನ ವಿಷಯ ಬಂತು, ಒಂದು ಗುಟ್ಟು ಹೇಳುತ್ತೇನೆ. ನಮ್ಮ ಕಡೆಯ ಅಡ್ಡಹೆಸರುಗಳಲ್ಲಿ ಕೆಲವು ಕಸುಬಿನಿಂದ ಬಂದವು: ಬಡಿಗೇರ, ಕಂಬಾರ, ಪತ್ತಾರ. ಕೆಲವು ಹುದ್ದೆಯಿಂದ ಬಂದವು: ಪಾಟೀಲ, ಕುಲಕರ್ಣಿ, ದೇಸಾಯಿ. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಅಡಿಗೆಮನೆಯನ್ನೇ ಹೊತ್ತವೂ ಇವೆ. ಇನ್ನು ಊರಿನಿಂದ ಬಂದವು. ಊರ ಹೆಸರನ್ನು ಅಡ್ಡಹೆಸರಾಗಿ ಹೊತ್ತವರು ಸಾಮಾನ್ಯವಾಗಿ ಆ ಊರು ಬಿಟ್ಟು ಹೋದವರು. ಲೋಕಾಪುರದಲ್ಲೇ ಇರುವವರನ್ನು ಲೋಕಾಪುರದವರೆಂದು ಗುರುತಿಸುವ ಗರಜು ಯಾರಿಗಿದೆ? ಬೇರೆ ಊರಿಗೆ ಹೋದ ಮೇಲೆಯೇ ಆ ಹೆಸರು ಅಂಟುವುದು. ಗಿರೀಶ ಕಾಸರವಳ್ಳಿಯವರು 1997ರಲ್ಲಿ ಸಿನಿಮಾ ಮಾಡಿದ 'ತಾಯಿ ಸಾಹೇಬ' ಕಾದಂಬರಿಯನ್ನು ಬರೆದ ರಂ. ಶಾ. ಅವರ ಅಡ್ಡಹೆಸರೂ ಲೋಕಾಪುರವೇ. ನಿಮ್ಮ ಮನೆಗೆ ಊರಿನ ಅಡ್ಡಹೆಸರಿದ್ದರೆ ನಿಮ್ಮ ಹಿರಿಯರ ದಾರಿಯ ಒಂದು ಮೈಲಿಗಲ್ಲು ನಿಮ್ಮ ಕೈಯಲ್ಲೇ ಇದೆ ಎಂದು ತಿಳಿಯಿರಿ.

ಮನೆಯಲ್ಲೇ ಇರುವ ದಫ್ತರ

"ನಾವು ಓದಿದವರಲ್ಲ, ಇತಿಹಾಸ ಹೇಗೆ ಬರೆಯೋಣ?" ಎನ್ನಬೇಡಿ. ಕಚೇರಿಯ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿದ್ದು ಪಂಡಿತರಿಗೂ ತೊಡಕು. ನಿಮ್ಮ ಮನೆಯ ದಫ್ತರ ಸುಲಭ.

ಮೊದಲು ಅಟ್ಟದ ಮೇಲಿನ ಪಾತ್ರೆ ಇಳಿಸಿ. ಕೊಡ, ಚರಗಿ, ತಂಬಿಗೆ, ಪರಾತಗಳ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿರುತ್ತಾರೆ. ಕೊಟ್ಟವರು ಯಾರು, ಯಾರ ಮದುವೆಗೆ, ಎಂದು, ಮೂರೂ ಒಂದೇ ಸಾಲಿನಲ್ಲಿ ಸಿಕ್ಕರೂ ಸಿಗಬಹುದು. ಹುಣಸೆಹಣ್ಣಿನಿಂದ ತಿಕ್ಕಿದರೆ ಅಕ್ಷರ ಎದ್ದು ಕಾಣುತ್ತದೆ. ಹೆಂಗಸರ ಹೆಸರು ಎಲ್ಲಿಯೂ ಇಲ್ಲದ ಮನೆಯಲ್ಲಿ ಹಿತ್ತಾಳೆಯ ಮೇಲೆ ಇದ್ದದ್ದನ್ನು ನಾನೇ ಕಂಡಿದ್ದೇನೆ.

ಆಮೇಲೆ ಟ್ರಂಕು. ಹಳೆಯ ಲಗ್ನಪತ್ರಿಕೆಗಳನ್ನು ಒಲೆಗೆ ಹಾಕಬೇಡಿ, ಒಂದೊಂದು ಪತ್ರಿಕೆಯಲ್ಲೂ ಎರಡು ಮನೆತನದ ಹಿರಿಯರ ಹೆಸರಿರುತ್ತದೆ. ಮದುವೆಯಲ್ಲಿ ಮುಯ್ಯಿ ಬರೆದ ವಹಿ ಇದ್ದರಂತೂ ಇಡೀ ಬಳಗದ ಪಟ್ಟಿಯೇ ಸಿಕ್ಕಂತೆ. ಜಾತಕ, ಶಾಲೆಯ ದಾಖಲೆ, ಹಳೆಯ ಪೋಟೋದ ಬೆನ್ನು, ಯಾವುದನ್ನೂ ಬಿಡಬೇಡಿ. ಒಂದು ಎಚ್ಚರಿಕೆ: ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಪೂರ್ತಿ ನಂಬಬೇಡಿ. ಮಗುವಿನ ಕೈ ತಲೆಯ ಮೇಲಿನಿಂದ ಕಿವಿಗೆ ಮುಟ್ಟುತ್ತದೆಯೋ ನೋಡಿ ಮಾಸ್ತರರು ಬರೆದುಕೊಂಡ ತಾರೀಖು ಅದು!

ಇನ್ನು ಕೌದಿ. ಹಾಸಿಗೆಯ ಮೇಲಿನ ಹಳೆಯ ಕೌದಿಯನ್ನು ಬಿಸಿಲಿಗೆ ಹರವಿ, ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದೊಂದೇ ತುಂಡಿನ ಮೇಲೆ ಬೆರಳಿಡಿ. "ಇದು ನಮ್ಮವ್ವನ ಇಲಕಲ್ಲ ಸೀರಿ, ಇದು ಸತ್ತ ತಂಗೀದು, ಇದು ನಿನ್ನ ಗಂಡನ ತೊಟ್ಟಿಲದಾಗ ಹಾಸಿದ್ದು" ಎಂದು ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. "ನಿಮ್ಮ ಕತೆ ಹೇಳ್ರಿ" ಎಂದು ಎದುರು ಕೂತರೆ ಯಾರೂ ಹೇಳುವುದಿಲ್ಲ. ಕೈಗೆ ಕೆಲಸವಿದ್ದಾಗ ಹೇಳುತ್ತಾರೆ. ಶಾವಿಗೆ ಹೊಸೆಯುವಾಗ, ಶೇಂಗಾ ಸುಲಿಯುವಾಗ, ಮಾದಲಿಗೆ ರೊಟ್ಟಿ ಕುಟ್ಟುವಾಗ ಕೇಳಿ. ಮಾದಲಿಯ ಅಳತೆ ಯಾರು ಕಲಿಸಿದರು ಎಂದು ಕೇಳಿದರೂ ಸಾಕು, ಅವರ ತವರಿನ ಅಡಿಗೆಮನೆಗೆ ಬಾಗಿಲು ತೆರೆಯುತ್ತದೆ.

ವರ್ಷ ಹಿಡಿಯುವ ಬಗೆ

ಅಜ್ಜಿಗೆ ಇಸವಿ ಗೊತ್ತಿರುವುದಿಲ್ಲ. ಆದರೆ ಬರ, ಬೇನೆ, ಗದ್ದಲ ಗೊತ್ತಿರುತ್ತವೆ. "ಗಾಂಧಿ ಸತ್ತಾಗ ನಾ ಎಷ್ಟಾಕಿ ಇದ್ನಿ" ಎಂದರೆ 1948ರ ಜನವರಿಯಿಂದ ಎಣಿಸಿ. "ಪಾತ್ರಿ ಗಡಗಡ ಅಂದ ಭೂಕಂಪ" ಎಂದರೆ ಅದು 1967ರ ಡಿಸೆಂಬರಿನ ಕೊಯ್ನಾದ್ದು ಇರಬಹುದು. ಗಂಜಿ ಕೇಂದ್ರ, ಕಲ್ಲು ಒಡೆಯುವ ಕಾಮಗಾರಿಯ ಬರ ಎಂದರೆ 1972ರ ಆಸುಪಾಸು. ಅಜ್ಜಿಯ ಅಜ್ಜಿ ಹೇಳಿದ ದೊಡ್ಡ ಬರ ಎಂದರೆ 1876ರಿಂದ 78ರದು ಇದ್ದೀತು. ನಮ್ಮ ಸೀಮೆಯ ಎಷ್ಟೋ ಹಳ್ಳಿಗಳು ಆಗ ಬರಿದಾದವು.

ಜಾತಕದಲ್ಲಿ ಸಂವತ್ಸರ ಮಾತ್ರ ಇದ್ದರೂ ದಾರಿಯಿದೆ. ಅರವತ್ತು ಸಂವತ್ಸರಗಳ ಮೊದಲನೆಯದು ಪ್ರಭವ. ಅದು 1867, 1927 ಮತ್ತು 1987ರ ಯುಗಾದಿಗೆ ಬಂದಿತ್ತು. ಪಂಚಾಂಗದ ಪಟ್ಟಿಯಲ್ಲಿ ನಿಮ್ಮ ಸಂವತ್ಸರ ಎಷ್ಟನೆಯದೆಂದು ನೋಡಿ, ಒಂದು ಕಳೆದು, ಸರಿಹೊಂದುವ ಪ್ರಭವದ ಇಸವಿಗೆ ಕೂಡಿಸಿ. ಈಶ್ವರ ಹನ್ನೊಂದನೆಯದು. 1927ಕ್ಕೆ ಹತ್ತು ಕೂಡಿಸಿದರೆ 1937ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ. ಶಕೆ ಬರೆದಿದ್ದರೆ 78 ಕೂಡಿಸಿದರೆ ಇಸವಿ ಬರುತ್ತದೆ.

ಕೇಳಬೇಕಾದ ಆರು ಪ್ರಶ್ನೆ

ಇನ್ನೂರು ಪುಟದ ಒಂದು ವಹಿ ತಂದು ಒಬ್ಬೊಬ್ಬ ಹೆಂಗಸಿಗೂ ಒಂದು ಪುಟ ಬಿಡಿ. ಇಷ್ಟು ಬರೆಯಿರಿ:

1. ಹುಟ್ಟಿದಾಗ ಇಟ್ಟ ಹೆಸರು, ಮದುವೆಯಲ್ಲಿ ಇಟ್ಟ ಹೆಸರು, ಮನೆಯಲ್ಲಿ ಕೂಗುತ್ತಿದ್ದ ಹೆಸರು.

2. ಹುಟ್ಟಿದ ಊರು, ತವರಿನ ಅಡ್ಡಹೆಸರು.

3. ಅವ್ವನ ಹೆಸರು, ಅವ್ವನ ತವರು. ಗೊತ್ತಿದ್ದರೆ ಅವ್ವನ ಅವ್ವನದೂ.

4. ಮದುವೆಯಾದಾಗ ಸುಮಾರು ವಯಸ್ಸು, ಸಂಬಂಧ ಹೇಗೆ ಕೂಡಿತು. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ನಮ್ಮಲ್ಲಿರುವುದರಿಂದ ಒಬ್ಬಳೇ ಎರಡು ಕಡೆಯಿಂದ ನಂಟಾಗುತ್ತಾಳೆ. ಎರಡನ್ನೂ ಬರೆಯಿರಿ.

5. ಏನು ಬಲ್ಲವಳಾಗಿದ್ದಳು? ಸೂಲಗಿತ್ತಿಯ ಕೆಲಸ, ಹಂತಿಯ ಪದ, ಕೌದಿ, ದನದ ಔಷಧ, ಯಾವುದಾದರೂ ಆಗಲಿ.

6. ಎಷ್ಟು ಮಕ್ಕಳನ್ನು ಹೆತ್ತಳು?

ಆರನೆಯದನ್ನು ಕೇಳುವಾಗ ಮೆಲ್ಲಗೆ ಕೇಳಿ. "ಎಷ್ಟು ಮಂದಿ ಮಕ್ಕಳು?" ಎಂದರೆ ಬದುಕಿದವರ ಲೆಕ್ಕ ಮಾತ್ರ ಬರುತ್ತದೆ. ನಮ್ಮ ಅತ್ತೆಯವರಿಗೆ ಐವರು ಮಕ್ಕಳೆಂದೇ ನಾನು ತಿಳಿದಿದ್ದೆ. ಕೌದಿ ಹರವಿದ ದಿನ ಗೊತ್ತಾಯಿತು, ಏಳು ಮಂದಿಯಂತೆ. ಒಂದು ಮಗುವಿಗೆ ಹೆಸರಿಡುವ ಮೊದಲೇ ಬೇನೆ ಬಂತು. ಇನ್ನೊಂದಕ್ಕೆ ಹೆಸರಿತ್ತು, ಮೂರು ವರ್ಷದ ಹುಡುಗಿ. ಆ ಹೆಸರನ್ನು ಅವರು ನಲವತ್ತು ವರ್ಷದ ಮೇಲೆ ಬಾಯಿಬಿಟ್ಟು ಹೇಳಿದ್ದು ಅಂದೇ. ಇಂಗ್ಲೆಂಡಿನ ಪಾದ್ರಿಯ ವಹಿಯಲ್ಲಿ ಸತ್ತ ಕೂಸಿಗೂ ಒಂದು ಸಾಲಿರುತ್ತದೆ. ನಮ್ಮ ವಹಿಯಲ್ಲೂ ಇರಲಿ.

ಇನ್ನೊಂದು ಮಾತು. ಪ್ರತಿ ಮನೆಯಲ್ಲೂ ಮುಚ್ಚಿಟ್ಟ ಸಂಗತಿಗಳಿರುತ್ತವೆ: ಎರಡನೆಯ ಮದುವೆ, ದತ್ತು ಹೋದ ಮಗು, ಬಿಟ್ಟು ಬಂದ ಮಗಳು. ಅವರಾಗಿ ಹೇಳಿದರೆ ಕೇಳಿ, ಬರೆಯಬೇಡ ಎಂದರೆ ಬರೆಯಬೇಡಿ. ಜೀವ ಇರುವವರ ಮನಸ್ಸು ನಮ್ಮ ವಹಿಗಿಂತ ದೊಡ್ಡದು.

ಬರೀ ಭಾವನೆಯ ಮಾತಲ್ಲ

ಇದರಿಂದ ಏನು ಲಾಭ ಎಂದು ಮನೆಯ ಗಂಡಸರು ಕೇಳಿದರೆ ಒಂದು ಉತ್ತರ ಸಿದ್ಧವಿರಲಿ. ಹೊಲ ಮನೆಯ ವಾರಸಾ ಹಚ್ಚುವಾಗ ನಾಡಕಚೇರಿಗೆ ವಂಶವೃಕ್ಷ ಕೊಡಬೇಕಾಗುತ್ತದೆ. ಅದರಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ಗಂಡುಮಕ್ಕಳನ್ನಷ್ಟೇ ಬರೆದುಕೊಟ್ಟು, ಹತ್ತು ವರ್ಷದ ಮೇಲೆ ಕೋರ್ಟು ಹತ್ತಿದ ಮನೆಗಳನ್ನು ನೀವೂ ಕಂಡಿರುತ್ತೀರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಗಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಹಕ್ಕು ತೆಗೆದುಕೊಳ್ಳುವುದೋ ಅಣ್ಣ ತಮ್ಮಂದಿರಿಗೆ ಬಿಟ್ಟುಕೊಡುವುದೋ ಅವರವರ ಮನೆಯ ವಿಚಾರ. ಆದರೆ ಬಿಟ್ಟುಕೊಡುವುದಕ್ಕೂ ಮೊದಲು ವಂಶವೃಕ್ಷದಲ್ಲಿ ಹೆಸರಿರಬೇಕಲ್ಲ! ಮನೆಯಲ್ಲಿ ಸರಿಯಾಗಿ ಬರೆದ ವಹಿಯೊಂದಿದ್ದರೆ ಹೆಸರು ಬಿಟ್ಟುಹೋಯಿತೆಂಬ ನೆವ ನಡೆಯುವುದಿಲ್ಲ.

ತಡ ಮಾಡಬಾರದೆನ್ನಲು ಇನ್ನೂ ಒಂದು ಕಾರಣವಿದೆ. ಆಲಮಟ್ಟಿಯ ನೀರು ನಿಂತಾಗ ಬೀಳಗಿ ತಾಲ್ಲೂಕಿನ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಓಣಿಗಳೂ ಮುಳುಗಿದವು. ಬದಿಬದಿಗೆ ಇದ್ದ ಮನೆಗಳು ಒಂದೊಂದು ಪುನರ್ವಸತಿ ಕೇಂದ್ರಕ್ಕೆ ಚದುರಿದವು. ಅಜ್ಜಿಯ ತವರು ಯಾವುದೆಂದು ಬೆರಳು ಮಾಡಿ ತೋರಿಸಲು ಹೋದರೆ ಅಲ್ಲಿ ಹಿನ್ನೀರಿದೆ. ಊರು ಹೋದ ಮೇಲೆ ಅದನ್ನು ಕಂಡವರ ಬಾಯಲ್ಲಿ ಮಾತ್ರ ಅದು ಉಳಿದಿರುತ್ತದೆ, ಆ ಬಾಯಿಗಳೂ ಈಗ ಮುಪ್ಪಾದವು.

ಅತ್ತೆಯವರ ಪುಟ

ಮೊದಲ ಪುಟ ನಾನು ಅತ್ತೆಯವರಿಗೇ ಬಿಟ್ಟಿದ್ದೆ. ಮದುವೆಯ ಹೆಸರು ಎಲ್ಲರಿಗೂ ಗೊತ್ತಿತ್ತು. "ತವರಿನ ಹೆಸರೇನ್ರಿ ಅತ್ತಿ?" ಎಂದೆ. ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು. "ಅದನ್ಯಾಕ ಬಿಡವ್ವಾ, ಅರವತ್ತ ವರ್ಷಾತು, ಆ ಹೆಸರಿಲೆ ನನ್ನ ಯಾರೂ ಕರದಿಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದಿದ್ದಾಗ, ಅವರೇ ಹೇಳಿದರು. ನಾನು ಬರೆದುಕೊಂಡೆ. "ಎಲ್ಲಿ, ಓದು" ಎಂದರು. ಓದಿದೆ. "ಇನ್ನೊಮ್ಮೆ ಓದು" ಎಂದರು.

ಮುಂದಿನ ಸಲ ಹೆಳವ ಬಂದಾಗ ನಮ್ಮ ವಹಿಯನ್ನು ಅವನ ಮುಂದಿಟ್ಟೆವು. ಮೊದಲು ಹಿಂದೆ ಮುಂದೆ ನೋಡಿದ. ಆಮೇಲೆ, "ಬರಿಯಾಕ ನಂದೇನ ಹೋಗ್ತದ್ರಿ ಅವ್ವಾರ, ಇಷ್ಟ ದಿನ ಯಾರೂ ಹೇಳಲಿಲ್ಲ" ಎಂದು ನಕ್ಕು ಮಾವನವರ ಹೆಸರಿನ ಪಕ್ಕದಲ್ಲಿ ಒಂದು ಗೆರೆ ಎಳೆದ. ಅತ್ತೆಯವರು ಆ ಸಲ ಮೊರದ ಮೇಲೆ ಇನ್ನೊಂದು ಹಿಡಿ ಜೋಳ ಹೆಚ್ಚು ಹಾಕಿದರು.

ಸೋದರಿಯರೇ, ಈ ಪಂಚಮಿಗೆ ನೀವು ತವರಿಗೆ ಹೋಗುತ್ತೀರಲ್ಲ, ಉಂಡಿ ತಿಂದು ಜೋಕಾಲಿ ಆಡಿ ಬರುವಾಗ ಒಂದು ಕೆಲಸ ಮಾಡಿ. ಅವ್ವ ಇದ್ದರೆ ಅವಳನ್ನು, ಅವಳಿಲ್ಲದಿದ್ದರೆ ಚಿಗವ್ವ ದೊಡ್ಡವ್ವರನ್ನು ಕೂಡಿಸಿಕೊಂಡು ಅವರ ಅವ್ವನ ಹೆಸರು, ಅವಳ ಅವ್ವನ ಹೆಸರು ಕೇಳಿ ಬರೆದುಕೊಂಡು ಬನ್ನಿ. ವಹಿ ಆಮೇಲೆ ತಂದರಾಯಿತು. ಅಂದಿಗೆ ಲಗ್ನಪತ್ರಿಕೆಯ ಬೆನ್ನಾದರೂ ಸಾಕು.